ಶುಕ್ರವಾರದ ಹುಟ್ಟುಹಬ್ಬಗಳು

ಲೇಬರ್ ಕ್ಯಾಂಪಿನ ಬಾಸ್ ಆದವನು ನಗಲಿಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ, ನಗುವ ಸಂಗತಿಗಳು ಅವನ ಆಫೀಸಿನ ಬಾಗಿಲಿಗೇ ಬಂದು ಬೀಳುತ್ತವೆ. ಆದರೆ ಬಂದು ಬೀಳುವಾಗ ಅವುಗಳ ಮುಖದಲ್ಲಿ ನಗು ಇರುವುದಿಲ್ಲ. ಮೊದಲು ಹೆದರಿಕೆ, ನಗು ಆಮೇಲೆ, ಕೆಲವೊಮ್ಮೆ ಎಷ್ಟೋ ವರ್ಷ ಕಳೆದ ಮೇಲೆ.

ನಾನು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ. ಎರಡು ಸಾವಿರದ ಹತ್ತರ ಆಚೆಯ ವರ್ಷಗಳಲ್ಲಿ, ಸೌದಿಯ ರಾಸ್ ಅಲ್ ಖೈರಿನಲ್ಲಿ ಒಂದರ ಪಕ್ಕ ಒಂದು ಕಾರ್ಖಾನೆ ಏಳುತ್ತಿದ್ದ ಕಾಲದಲ್ಲಿ, ಅಲ್ಲೊಂದು ಕಾಂಟ್ರಾಕ್ಟ್ ಕಂಪನಿಯ ಕ್ಯಾಂಪ್ ನೋಡಿಕೊಳ್ಳುತ್ತಿದ್ದೆ. ಯಾವ ರೂಮಿನಲ್ಲಿ ಯಾರು, ಯಾವ ಏಸಿಯಲ್ಲಿ ನೀರು ಸೋರುತ್ತದೆ, ಯಾರ ಗೊರಕೆಗೆ ಯಾರನ್ನು ರೂಮು ಬದಲಿಸಬೇಕು ಎಂಬುದೆಲ್ಲ ನನ್ನ ತಲೆಬಿಸಿ. ಅದೇ ಕ್ಯಾಂಪಿನಲ್ಲಿ ಘಾನಾ ದೇಶದವರೊಬ್ಬರಿದ್ದರು. ಇಕಾಮಾದ, ಅಂದರೆ ಅಲ್ಲಿನ ವಾಸದ ಕಾರ್ಡಿನ ಪ್ರಕಾರ ಸೇಫ್ಟಿ ಆಫೀಸರ್, ಊರಿನಲ್ಲಿ ಪಾಸ್ಟರ್. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಮೈಕಿಲ್ಲದೆ ಮೂರು ಬ್ಲಾಕಿಗೆ ಕೇಳುವ ಸ್ವರ, ಜೊತೆಗೆ ಒಂದು ದೊಡ್ಡ ದುರಭ್ಯಾಸ. ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಗಡ್ಡ ಬೆಳ್ಳಗಾದದ್ದು ಈ ದುರಭ್ಯಾಸದಿಂದ.

ಹಾಲ್ ಬೇಕಿತ್ತು

ಒಂದು ದಿನ ಪಾಸ್ಟರ್ ಆಫೀಸಿಗೆ ಬಂದು ನಿಂತರು. "ಬ್ರದರ್, ಶುಕ್ರವಾರ ಬೆಳಿಗ್ಗೆ ಮೆಸ್ ಹಾಲ್ ಬೇಕಿತ್ತು."

"ಎಂತಕ್ಕೆ?"

"ಪ್ರಾರ್ಥನೆಗೆ. ನಾವು ಸ್ವಲ್ಪ ಜನ ಇದ್ದೇವೆ."

ನಾನು ಎದ್ದು ಬಾಗಿಲು ಹಾಕಿದೆ. ಆ ದೇಶದಲ್ಲಿ ಇಗರ್ಜಿ ಇಲ್ಲ. ನಾಲ್ಕು ಜನ ರೂಮಿನೊಳಗೆ ಸದ್ದಿಲ್ಲದೆ ಕಣ್ಣು ಮುಚ್ಚಿ ಕೂತರೆ ಯಾರೂ ಕೇಳುವುದಿಲ್ಲ. ಆದರೆ ಜನ ಗುಂಪು ಸೇರಿ, ಅದರ ಮೇಲೊಂದು ದೂರು ಹೋಯಿತೋ, ಮುಂದಾಳಿಗೆ ಎಕ್ಸಿಟ್ ಹೊಡೆದು ವಿಮಾನ ಹತ್ತಿಸುತ್ತಾರೆ. ಪಾಸ್ಟರಿಗೆ ಊರಿನಲ್ಲಿ ಹೆಂಡತಿ, ಕಾಲೇಜು ಓದುವ ಹೆಣ್ಣುಮಕ್ಕಳು. ಇಡೀ ಮನೆ ಈ ಕೆಲಸದ ಮೇಲೆ ನಿಂತಿತ್ತು. ಹಾಲ್ ಕೊಟ್ಟ ತಪ್ಪಿಗೆ ಅದೇ ವಿಮಾನದಲ್ಲಿ ಅಲ್ಲದಿದ್ದರೂ ಅದರ ಬೆನ್ನಿಗೆ ಹೊರಡುವುದರಲ್ಲಿ ನಾನು.

ಆಗುವುದಿಲ್ಲ ಅನ್ನಬಹುದಿತ್ತು. ಆದರೆ ಹಿಂದಿನ ವರ್ಷ ಊರಿನಲ್ಲಿ ನನ್ನ ಹೆತ್ತ ಉಮ್ಮ ತೀರಿಕೊಂಡಾಗ, ರಜೆ ಸಿಗದೆ ನಾನು ರೂಮಿನಲ್ಲಿ ಬಿದ್ದುಕೊಂಡಿದ್ದಾಗ, ಈ ಮನುಷ್ಯ ಡ್ಯೂಟಿ ಮುಗಿಸಿ ಬಂದು ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದರು. ಅಷ್ಟು ದೊಡ್ಡ ಸ್ವರದವರಿಗೆ ಸುಮ್ಮನೆ ಕೂರುವುದು ಎಂಥ ಕಷ್ಟ ಎಂಬುದು ನನಗೆ ಆಮೇಲೆ ತಿಳಿಯಿತು. ಅಂಥವರಿಗೆ ಇಲ್ಲ ಅನ್ನಲು ನಾಲಿಗೆ ಏಳಲಿಲ್ಲ.

"ಬರ್ತ್‌ಡೇ ಪಾರ್ಟಿ ಅಂತ ಹೇಳುವ. ಒಂದು ಕೇಕ್ ಇಟ್ಟರೆ ಮುಗಿಯಿತು," ಎಂದೆ.

"ಯಾರ ಬರ್ತ್‌ಡೇ?"

"ಯಾರದ್ದೂ ಅಲ್ಲ."

"ಹಾಗಾದರೆ ಅದು ಸುಳ್ಳು," ಎಂದು ಪಾಸ್ಟರ್ ಎದ್ದೇ ಬಿಟ್ಟರು.

ಚಹಾ ಕುಡಿಸಿ ಕೂರಿಸಿದೆ. ಕೊನೆಗೊಂದು ರಾಜಿ ಆಯಿತು. ಆಯಾ ವಾರದಲ್ಲಿ ಹುಟ್ಟಿದವನೊಬ್ಬನನ್ನು ಕ್ಯಾಂಪಿನಿಂದಲೇ ಹುಡುಕಿ ತರುವುದು, ಅವನ ಕೈಯಲ್ಲಿ ಕೇಕ್ ಕತ್ತರಿಸುವುದು, ಆಮೇಲೆ ಪ್ರಾರ್ಥನೆ. ಹುಟ್ಟಿದವನು ಕ್ರೈಸ್ತನೇ ಆಗಬೇಕೆಂದಿಲ್ಲ.

ಮೊದಲ ಶುಕ್ರವಾರ ಸಿಕ್ಕಿದ್ದು ಪಾಕಿಸ್ತಾನದ ಒಬ್ಬ ಕ್ರೇನ್ ಡ್ರೈವರ್. ಪಾಪ, ಹುಟ್ಟಿದಂದಿನಿಂದ ಅವನ ಹುಟ್ಟುಹಬ್ಬ ಯಾರೂ ಮಾಡಿರಲಿಲ್ಲ. ಕೇಕ್ ತಿಂದು ಎದ್ದು ಹೋಗಬೇಕು ಎನ್ನುವಾಗ ಸುತ್ತ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದರು. ಅವನು ಮರ್ಯಾದೆಗೆ ಕೂತ. ಕಡೆಯವರೆಗೂ ಕೂತ. ಹೊರಗೆ ಬಂದವನ ಕಣ್ಣಲ್ಲಿ ನೀರು. "ಭಾಯ್, ಇವರು ಯಾರೋ ಎಂತೋ," ಎಂದ ನನಗೆ. "ನನ್ನ ಹೆತ್ತವರೂ ನನಗೋಸ್ಕರ ಇಷ್ಟು ಹೊತ್ತು ದುವಾ ಮಾಡಲಿಲ್ಲ."

ಹೆಡ್‌ಮಾಸ್ಟರ್ ಹೆತ್ತ ಮಕ್ಕಳು

ಪ್ರತಿ ವಾರ ಒಬ್ಬ ಹುಟ್ಟಿದವನನ್ನು ಹುಡುಕುವುದು ಸುಲಭ ಎಂದುಕೊಂಡಿದ್ದೆ. ಅಷ್ಟು ದೊಡ್ಡ ಕ್ಯಾಂಪಿನಲ್ಲಿ ಜನರಿಗೆ ಬರವೇ? ಜನರಿಗೆ ಬರ ಇರಲಿಲ್ಲ, ತಾರೀಕಿಗೆ ಬರ ಇತ್ತು. ಸುಡಾನಿನವರು, ಅಫ್ಘಾನಿಸ್ತಾನದವರು ಬಹುಪಾಲು ಜನವರಿ ಒಂದಕ್ಕೆ ಹುಟ್ಟಿದವರು. ನಮ್ಮ ಕಡೆಯವರು ಜೂನ್ ಒಂದಕ್ಕೆ. ನಡುವಿನ ತಿಂಗಳುಗಳಲ್ಲಿ ಭೂಮಿಯ ಮೇಲೆ ಯಾರೂ ಹುಟ್ಟಿದಂತೆ ಕಾಣುವುದಿಲ್ಲ. ಮಾರ್ಚಿನಲ್ಲಿ ಒಬ್ಬ ನೇಪಾಳಿ ಸಿಕ್ಕಿದರೆ ನಾನು ಅವನನ್ನು ಮದುಮಗನ ಹಾಗೆ ನೋಡಿಕೊಳ್ಳುತ್ತಿದ್ದೆ.

ಜೂನ್ ಹತ್ತಿರ ಬಂದಾಗ ಪಾಸ್ಟರಿಗೆ ನನ್ನ ಮೇಲೆ ಸಂಶಯ ಬಂತು. "ಒಂದೇ ಊರಿನವರು, ಇಷ್ಟೂ ಜನ ಜೂನ್ ಒಂದಕ್ಕೆ? ಬ್ರದರ್, ನೀವು ನನಗೆ ಸುಳ್ಳು ಹೇಳುತ್ತಿದ್ದೀರಿ."

ವಿವರಿಸಿದೆ. ನಮ್ಮನ್ನು ಶಾಲೆಗೆ ಸೇರಿಸಲು ಹೋದ ಉಪ್ಪನಿಗೆ, ಅಂದರೆ ಅಪ್ಪನಿಗೆ, ನಾವು ಹುಟ್ಟಿದ ತಾರೀಕು ಗೊತ್ತಿಲ್ಲ. ಹೊಳೆಗೆ ದೊಡ್ಡ ನೆರೆ ಬಂದ ವರ್ಷ ಎಂದು ಮಾತ್ರ ನೆನಪು. ಹೆಡ್‌ಮಾಸ್ಟರ್ ನಮ್ಮ ತಲೆಯಿಂದ ಕಾಲಿನವರೆಗೆ ನೋಡುತ್ತಾರೆ, ಬಲಗೈ ತಲೆಯ ಮೇಲಿಂದ ಎಡಕಿವಿಗೆ ಮುಟ್ಟುತ್ತದಾ ಎಂದು ಪರೀಕ್ಷಿಸುತ್ತಾರೆ, ಮುಟ್ಟಿದರೆ ಜೂನ್ ಒಂದು ಎಂದು ಬರೆಯುತ್ತಾರೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸರಿಯಾಗಿ ಕೂರಬೇಕಲ್ಲ. ಆಮೇಲೆ ಪಾಸ್‌ಪೋರ್ಟಿಗೂ ಅದೇ, ಇಕಾಮಾಗೂ ಅದೇ. ನಾನೂ ಜೂನ್ ಒಂದೇ.

ಪಾಸ್ಟರ್ ತಮ್ಮ ಬಲಗೈಯನ್ನೂ ತಲೆಯ ಮೇಲಿಂದ ಎಡಕಿವಿಗೆ ಮುಟ್ಟಿಸಿ ನೋಡಿದರು. "ಸುಳ್ಳು ಹೇಳಿದ್ದು ಹೆಡ್‌ಮಾಸ್ಟರ್. ನೀವು ಹೊತ್ತುಕೊಂಡು ತಿರುಗುವುದು ಮಾತ್ರ," ಎಂದು ತೀರ್ಪು ಕೊಟ್ಟರು.

ಆ ವಾರ ನೋಡಬೇಕಿತ್ತು. ಪುತ್ತೂರು, ಬಂಟ್ವಾಳ, ಬೆಳ್ತಂಗಡಿಯ ಬ್ಯಾರಿಗಳೆಲ್ಲ ಅತ್ತರು ಹಚ್ಚಿಕೊಂಡು ಸಾಲಾಗಿ ಬಂದರು. ಹುಟ್ಟಿದವರೇ ಹಾಲ್ ತುಂಬಿ, ಪ್ರಾರ್ಥನೆಯವರು ಹೊರಗೆ ಬಿಸಿಲಲ್ಲಿ ನಿಂತರು. ಕೇಕಿನ ತುಂಡು ಹೆಬ್ಬೆರಳಿನ ಉಗುರಿನಷ್ಟು. ಪಾಸ್ಟರ್ ಆ ಗುಂಪನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: "ನಿಮ್ಮ ಹೆಡ್‌ಮಾಸ್ಟರಿಗೆ ನನ್ನ ನಮಸ್ಕಾರ ಹೇಳಿ ಬ್ರದರ್. ನಮ್ಮ ಅಬ್ರಹಾಮನಿಗೂ ಒಂದೇ ದಿನ ಇಷ್ಟು ಮಕ್ಕಳಾಗಲಿಲ್ಲ."

ಮೀಟರು

ಹಾಡಿಲ್ಲದೆ ಪ್ರಾರ್ಥನೆ ಆಗುವುದಿಲ್ಲವಂತೆ. ಹಾಡಿದರೆ ಗೇಟಿನವರೆಗೆ ಕೇಳುತ್ತದೆ. ಪಾಸ್ಟರ್ ಇದಕ್ಕೆ ಸೇಫ್ಟಿ ಆಫೀಸರನ ಬುದ್ಧಿ ಓಡಿಸಿದರು. ಸೈಟಿನಲ್ಲಿ ಯಂತ್ರಗಳ ಸದ್ದು ಅಳೆಯುವ ಮೀಟರನ್ನು ತಂದು ಮೇಜಿನ ಮೇಲಿಟ್ಟರು. ಎಲ್ಲರೂ ತುಟಿ ಮುಚ್ಚಿ ಮೂಗಿನಲ್ಲಿ ಹಾಡಬೇಕು, ಮೀಟರಿನ ಅಂಕಿ ಅವರು ಹೇಳಿದ ಮಿತಿ ದಾಟಬಾರದು. ಹೊರಗೆ ಕಾವಲು ನಿಂತ ನನಗೆ ಒಳಗಿನಿಂದ ಕೇಳುತ್ತಿದ್ದದ್ದು ಜೇನುಗೂಡಿನ ಹಾಗೆ ಒಂದು ಗುಂಯ್ ಮಾತ್ರ.

ಶಿಸ್ತು ಬಹಳ ಕಟ್ಟುನಿಟ್ಟು. ಕೀನ್ಯಾದವನೊಬ್ಬ ಮೈಮರೆತು ಚಪ್ಪಾಳೆ ತಟ್ಟಿದ್ದಕ್ಕೆ ಹಾಡು ನಿಲ್ಲಿಸಿ, ಸೈಟಿನಲ್ಲಿ ಹೆಲ್ಮೆಟ್ ಹಾಕದವನಿಗೆ ಕೊಡುವಂಥ ಎಚ್ಚರಿಕೆಯನ್ನೇ ಕೊಟ್ಟರು.

ಹಾಡು ಮುಗಿದು ಪ್ರಸಂಗ, ಅಂದರೆ ಪಾಸ್ಟರ ಪ್ರವಚನ, ಶುರುವಾಯಿತು. ಪಾಸ್ಟರಿಗೆ ವಿಷಯ ಏರಿದಂತೆ ಸ್ವರವೂ ಏರಿತು. ಮುಂದಿನ ಸಾಲಿನ ಮಲಯಾಳಿ ಎಲೆಕ್ಟ್ರಿಷಿಯನ್ ಮೆಲ್ಲ ಕೈಚಾಚಿ ಮೀಟರಿನ ಮುಖವನ್ನು ಅವರ ಕಡೆಗೆ ತಿರುಗಿಸಿದ. ಪಾಸ್ಟರ್ ಅಂಕಿ ನೋಡಿದರು, ಆಮೇಲೆ ಮೀಟರನ್ನು ಬೋರಲು ಹಾಕಿದರು. "ಇದು ಜನರೇಟರಿನ ಸದ್ದು ಅಳೆಯಲಿಕ್ಕೆ ಇರುವುದು," ಎಂದರು. "ದೇವರ ಮಾತು ಅಳೆಯಲಿಕ್ಕೆ ಅಲ್ಲ."

ಬೆಳಗಿನ ಆಮೀನ್

ಸೈಟಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಮುಂಚೆ ಎಲ್ಲರನ್ನೂ ನಿಲ್ಲಿಸಿ ಸೇಫ್ಟಿ ಆಫೀಸರ್ ನಾಲ್ಕು ಮಾತು ಹೇಳುವ ಕ್ರಮ. ಬೆಲ್ಟು ಕಟ್ಟಿಕೊಳ್ಳಿ, ನೀರು ಕುಡಿಯಿರಿ, ಇಷ್ಟೇ. ನಮ್ಮ ಪಾಸ್ಟರ್ ಇದನ್ನೂ ಪ್ರಸಂಗದ ರಾಗದಲ್ಲೇ ಹೇಳುತ್ತಿದ್ದರು. ಕೊನೆಗೆ, "ಇವತ್ತು ಮೇಲೆ ಹತ್ತಿದವರೆಲ್ಲ ಸಂಜೆ ಸುಖವಾಗಿ ಇಳಿಯಲಿ," ಎಂದು ಕೈ ಎತ್ತುತ್ತಿದ್ದರು. ಪಾಕಿಸ್ತಾನ, ಬಂಗಾಳ, ಬಿಹಾರ ಎನ್ನದೆ ಎಲ್ಲರ ಬಾಯಿಂದ ಒಟ್ಟಿಗೆ "ಆಮೀನ್". ಒಳ್ಳೆಯ ಮಾತಿಗೆ ಆಮೀನ್ ಅನ್ನಲು ಯಾರ ಅಪ್ಪಣೆ ಬೇಕು?

ಕೊರಿಯಾದ ಇಂಜಿನಿಯರಿಗೆ ಇದು ವಿಚಿತ್ರ ಕಂಡಿತು. ಯಾವುದೋ ಕೆಲಸಕ್ಕೆ ಸೈಟಿಗೆ ಹೋಗಿದ್ದ ನನ್ನನ್ನೇ ಹಿಡಿದು ಅದು ಎಂತ ಎಂದು ಕೇಳಿದ. ನನಗೇನೂ ಸುಳ್ಳಿನ ಮಡಿ ಇಲ್ಲ. "ಸೇಫ್ಟಿ ಘೋಷಣೆ ಸರ್. ಎಲ್ಲರೂ ಒಪ್ಪಿದ್ದೇವೆ ಅಂತ ಅರ್ಥ," ಎಂದೆ. ಅವನು ಬಹಳ ಮೆಚ್ಚಿದ. ಮುಂದಿನ ವಾರ ದೊಡ್ಡ ಮೀಟಿಂಗಿನಲ್ಲಿ ಕಾಂಕ್ರೀಟಿನ ವಿಷಯವಾಗಿ ಉದ್ದಕ್ಕೆ ಮಾತಾಡಿ, ಕಡೆಗೆ ಕೈ ಎತ್ತಿ ತಾನೇ "ಆಮೀನ್" ಎಂದು ಕೂತುಬಿಟ್ಟ.

ಏಸಿ ಕೆಟ್ಟ ದಿನ

ಯಾವ ಸಭೆಯಲ್ಲೂ ಎರಡು ಪಂಗಡ ಇರಲೇಬೇಕು, ಇಲ್ಲದಿದ್ದರೆ ಅದು ಸಭೆ ಹೇಗಾದೀತು? ಇಲ್ಲಿ ಜಗಳ ಇದ್ದದ್ದು ಪ್ರಸಂಗದ ಉದ್ದಕ್ಕೆ. ಆಫ್ರಿಕಾದವರಿಗೆ ಬೆಳಿಗ್ಗೆ ಶುರುವಾದದ್ದು ನಾನು ಮಧ್ಯಾಹ್ನದ ಜುಮಾ ನಮಾಜಿಗೆ ಹೊರಡುವವರೆಗೆ ನಡೆದರೂ ಸಾಲದು. ಆದರೆ ಕಿನ್ನಿಗೋಳಿ ಕಡೆಯ ಪೊರ್ಬುಗಳು ಇಬ್ಬರಿದ್ದರು. ನಮ್ಮೂರಲ್ಲಿ ಕೊಂಕಣಿ ಕ್ರೈಸ್ತರನ್ನು ನಾವು ಹಾಗೇ ಕರೆಯುವುದು. ಅವರಿಗೆ ಊರಿನ ಇಗರ್ಜಿಯ ಪೂಜೆಯ ಲೆಕ್ಕ ತಲೆಯಲ್ಲಿ ಕೂತಿದೆ. ಮುಕ್ಕಾಲು ಗಂಟೆ ದಾಟಿದರೆ ಕಾಲು ತಾನಾಗಿ ಬಾಗಿಲ ಕಡೆಗೆ ತಿರುಗುತ್ತದೆ.

"ಅವರಿಗೆ ಸ್ವಲ್ಪ ಹೇಳಿ ಬ್ಯಾರಿಗಳೇ," ಎಂದು ಒಬ್ಬ ಪೊರ್ಬು ನನ್ನ ಹತ್ತಿರ ಬಂದ.

"ನಾನು ಎಂತ ಹೇಳುವುದು ಮಾರಾಯ? ನಿಮ್ಮ ಪಾಸ್ಟರು."

"ನಮ್ಮ ಫಾದರಿಗಾದರೆ ನಾವೇ ಹೇಳುತ್ತಿದ್ದೆವು. ಇವರು ಎದುರು ನಿಂತರೆ ಹೆದರಿಕೆ ಆಗ್ತದೆ."

ಅವನು ಏಸಿ ಮೆಕ್ಯಾನಿಕ್. ಮುಂದಿನ ಶುಕ್ರವಾರ, ಆಗಸ್ಟಿನ ಸೆಕೆ, ಪ್ರಸಂಗ ಮುಕ್ಕಾಲು ಗಂಟೆ ದಾಟುತ್ತಿದ್ದಂತೆ ಹಾಲಿನ ಏಸಿ ಉಸಿರು ಬಿಟ್ಟಿತು. ಜನ ಬೆವರಿನಲ್ಲಿ ನೆನೆದರು. ಈಗ ಮುಗಿಯುತ್ತದೆ ಎಂದು ಪೊರ್ಬು ಪುಸ್ತಕ ಮಡಚಿದ. ಪಾಸ್ಟರ್ ಮುಖ ಒರೆಸಿಕೊಂಡು, ಮೇಲೆ ನೋಡಿ, ತಯಾರಿ ಮಾಡಿಕೊಂಡು ಬಂದ ವಿಷಯ ಬಿಟ್ಟು ನರಕದ ಬಗ್ಗೆ ಶುರುಮಾಡಿದರು. ಎರಡು ಗಂಟೆ ಎಳೆದರು. ಹೊರಗೆ ಬಂದವರೆಲ್ಲ ಇಂಥ ಪ್ರಸಂಗ ಜನ್ಮದಲ್ಲಿ ಕೇಳಿಲ್ಲ ಎಂದರು. ಮುಂದಿನ ವಾರವೂ ಏಸಿ ಬೇಡವೆಂದು ನೈಜೀರಿಯಾದವರು ನನಗೆ ಅರ್ಜಿ ಕೊಟ್ಟರು.

ಸಮೋಸಾದಿಂದ ಬಿರಿಯಾನಿಯವರೆಗೆ

ರಂಜಾನ್ ಬಂದಾಗ ನಮ್ಮ ಉಪಾಯವೆಲ್ಲ ಕೈಕೊಟ್ಟಿತು. ಹಗಲು ಹೊತ್ತು ಕೇಕ್ ಇಟ್ಟುಕೊಂಡು ಎಂಥ ಹುಟ್ಟುಹಬ್ಬ? ಪ್ರಾರ್ಥನೆ ಇಡೀ ತಿಂಗಳು ನಿಂತರೆ ಜನ ಚದುರಿ ಹೋಗುತ್ತಾರೆ ಎಂದು ಪಾಸ್ಟರಿಗೆ ಚಿಂತೆ. ನಾನು ಮೆಸ್ ಹಾಲಿನಲ್ಲಿ ಶುಕ್ರವಾರದ ಇಫ್ತಾರ್ ಇಟ್ಟೆ. ಇಫ್ತಾರ್ ಎಂದರೆ ಸುಳ್ಳಲ್ಲವಲ್ಲ, ಪಾಸ್ಟರೂ ಒಪ್ಪಿದರು. ಒಪ್ಪಿದ್ದು ಮಾತ್ರವಲ್ಲ, ಊಟ ಮಾಡುವವರು ಉಪವಾಸ ಇರಬೇಕು ಎಂದು ತಾವೂ ಹಿಡಿದು, ತಮ್ಮವರಿಂದಲೂ ಹಿಡಿಸಿದರು.

ಕ್ಯಾಂಪಿನ ಹೊರಗೆ ಬಕಾಲಾ, ಅಂದರೆ ದಿನಸಿ ಅಂಗಡಿ ಇಟ್ಟಿದ್ದ ಭಟ್ಕಳದ ಸಾಹೇಬರು ಪುಣ್ಯದ ಕೆಲಸವೆಂದು ಖರ್ಜೂರ, ಸಮೋಸಾ ಕಳಿಸಿದರು. ಯಾರ ಇಫ್ತಾರ್ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮಸೀದಿಯ ಬಾಂಗ್ ಆಯಿತು, ಎಲ್ಲರೂ ಒಟ್ಟಿಗೆ ಉಪವಾಸ ಬಿಟ್ಟೆವು. ನಾವು ಸಂಜೆಯ ಮಗ್ರಿಬ್ ನಮಾಜಿಗೆ ಎದ್ದು ಹೋದೆವು. ನಾವು ನಮಾಜ್ ಮುಗಿಸಿ ಬಿರಿಯಾನಿಗೆ ವಾಪಸು ಬರುವುದರೊಳಗೆ ಅವರ ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲ ಮುಗಿಯಬೇಕು. ಬ್ಯಾರಿಗಳು ನಮಾಜಿಗೆ ತಡಮಾಡಿಯಾರು, ಬಿರಿಯಾನಿಗೆ ತಡಮಾಡುವವರಲ್ಲ. ಪಾಸ್ಟರ್ ಜೀವಮಾನದಲ್ಲಿ ಮೊದಲ ಸಲ ಗಡಿಯಾರ ನೋಡಿಕೊಂಡು ದೇವರ ಮಾತು ಹೇಳಿದರು.

ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಏಸಿಯ ಪೊರ್ಬು ನನ್ನ ಪಕ್ಕ ಸರಿದ. "ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ," ಎಂದ. "ಈ ರಂಜಾನ್ ವರ್ಷಕ್ಕೆ ಒಂದೇ ತಿಂಗಳಾ?"

ಯಾರು ಸತ್ತದ್ದು?

ನಾನು ಹೆದರಿದ್ದ ದಿನ ಬಂದೇ ಬಂತು. ಆ ಶುಕ್ರವಾರ ಕೇಕ್ ಕತ್ತರಿಸಬೇಕಾಗಿದ್ದವನು ಒಬ್ಬ ಪ್ಲಂಬರ್. ಬೆಳಿಗ್ಗೆಯೇ ಹಿಂದಿನ ಬ್ಲಾಕಿನಲ್ಲಿ ಪೈಪು ಒಡೆದು, ಅವನು ಸೊಂಟದವರೆಗೆ ನೀರಿನಲ್ಲಿ, ನಾನು ಅವನ ತಲೆಯ ಮೇಲೆ. ಬಾಗಿಲು ಕಾಯುವವರಿಲ್ಲ. ಅಷ್ಟರಲ್ಲಿ ಸೆಕ್ಯುರಿಟಿಯ ಮುದೀರ್, ಅಂದರೆ ಆ ವಿಭಾಗದ ಮುಖ್ಯಸ್ಥ, ಹೆಚ್ಚು ಮಾತಾಡದ ಸೌದಿ ಮನುಷ್ಯ, ಅವರ ಗಾಡಿ ಮೆಸ್ ಹಾಲಿನ ಮುಂದೆ ನಿಂತಿತು. ನಾನು ಓಡಿ ಬರುವಾಗ ಅವರು ಒಳಗೆ ಹೋಗಿ ಆಗಿತ್ತು.

ಗುಂಯ್ ನಿಂತಿತು. ತಲೆ ತಗ್ಗಿಸಿದ ಜನ, ಕೆಂಪಾದ ಕಣ್ಣುಗಳು, ನಡುವೆ ಕತ್ತರಿಸದ ಕೇಕು. ಮುದೀರ್ ಸುತ್ತ ನೋಡಿ ಕೇಳಿದರು: "ಯಾರು ಸತ್ತದ್ದು?"

ಆಮೇಲೆ ಗೊತ್ತಾಯಿತು. ಪ್ರತಿ ಶುಕ್ರವಾರ ಮೆಸ್ ಹಾಲಿನಿಂದ ಸಾವಿನ ಮನೆಯ ಹಾಗೆ ನರಳುವ ಸದ್ದು ಬರುತ್ತದೆ ಎಂದು ಗೇಟಿನ ಕಾವಲಿನವನು ರೌಂಡ್ ಬಂದಾಗ ಕೇಳಿಸಿಕೊಂಡು ವರದಿ ಮಾಡಿದ್ದ. ಸೈಟಿನಲ್ಲಿ ಸತ್ತವರನ್ನು ಮುಚ್ಚಿಡುವುದು ಸಣ್ಣ ಅಪರಾಧವಲ್ಲ. ಅದರಲ್ಲೂ ಸೇಫ್ಟಿ ಆಫೀಸರ್, ಕ್ಯಾಂಪ್ ಬಾಸ್ ಇಬ್ಬರೂ ಒಂದೇ ಕಡೆ. ಪ್ರಾರ್ಥನೆಯ ಸಂಶಯ ಆ ಮನುಷ್ಯನಿಗೆ ಇರಲೇ ಇಲ್ಲ. ಅವರು ಬಂದದ್ದು ಹೆಣ ಹುಡುಕಿಕೊಂಡು.

ಪಾಸ್ಟರ್ ಎದ್ದು ನಿಂತರು. "ನಮ್ಮ ಸೈಟಿನಲ್ಲಿ ಯಾರೂ ಸತ್ತಿಲ್ಲ, ಸರ್."

ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. "ಮತ್ತೆ ಇವರೆಲ್ಲ ಅಳುವುದು ಯಾರಿಗೋಸ್ಕರ?" ಎಂದು ಮುದೀರ್ ಕೇಳಿದರು. ಸುಳ್ಳು ಹೇಳದ ಬಾಯಿ ತೆರೆಯಿತು. "ಒಬ್ಬರು ಸತ್ತರು ಸರ್. ಆದರೆ ತುಂಬಾ ಹಿಂದೆ."

ನಾನು ಪಕ್ಕದಲ್ಲಿ ನಿಂತು ಅವರ ಕಾಲು ತುಳಿದೆ. ತುದಿಗೆ ಉಕ್ಕು ಇಟ್ಟ ಸೇಫ್ಟಿ ಶೂ. ಮೇಲಿಂದ ಕಬ್ಬಿಣದ ಪೈಪು ಬಿದ್ದರೂ ತಿಳಿಯಬಾರದೆಂದೇ ಮಾಡಿದ್ದು. ಪಾಸ್ಟರ್ ಮುಂದುವರಿದರು. "ಮೂರನೆಯ ದಿನ..."

"ಮೂರು ದಿನ ಆಯಿತಾ? ಹೆಣ ಎಲ್ಲಿ?"

"ಅದೇ ವಿಶೇಷ, ಸರ್. ಹೋಗಿ ನೋಡಿದರೆ ಹೂತಲ್ಲಿ ಇರಲಿಲ್ಲ."

ಮುದೀರರ ಕೈ ಸೊಂಟದ ವಾಕಿಟಾಕಿಗೆ ಹೋಯಿತು. ಪಾಸ್ಟರ್ ವಿಮಾನ ಹತ್ತುವುದು, ಆ ಹೆಣ್ಣುಮಕ್ಕಳು ಕಾಲೇಜು ಬಿಡುವುದು, ಎಲ್ಲ ನನ್ನ ಕಣ್ಣ ಮುಂದೆ ಹಾದುಹೋಯಿತು. ನಾನು ನಡುವೆ ನುಗ್ಗಿದೆ. "ಹಳೇ ಕೇಸು, ಮುದೀರ್. ಬೇರೆ ಊರಿನದ್ದು. ನಮ್ಮ ಕಂಪನಿ ಶುರುವಾಗುವ ಮುಂಚಿನದ್ದು."

"ನಮ್ಮ ಪ್ರಾಜೆಕ್ಟಿನದ್ದಲ್ಲ?"

"ಅಲ್ಲವೇ ಅಲ್ಲ. ಇದು ಬರ್ತ್‌ಡೇ ಪಾರ್ಟಿ," ಎಂದು ಕೇಕ್ ತೋರಿಸಿದೆ.

ಅವರ ಕೈ ವಾಕಿಟಾಕಿ ಬಿಟ್ಟು ಇಳಿಯಿತು. "ಯಾರದ್ದು?"

ಹುಟ್ಟಿದವನು ನೀರಿನಲ್ಲಿದ್ದಾನೆ. ಆಗ ಪಕ್ಕದಿಂದ ಆ ದೊಡ್ಡ ಸ್ವರ ಕೇಳಿಸಿತು. "ನನ್ನದು."

ಎಕ್ಸಿಟಿನ ಹೆದರಿಕೆ ನನಗೆ ಮರೆತೇ ಹೋಯಿತು. ನಮ್ಮನ್ನು ಉಳಿಸಲಿಕ್ಕೆ ಈ ಮನುಷ್ಯ ಕೊನೆಗೂ ಒಂದು ಸುಳ್ಳು ಹೇಳಬೇಕಾಯಿತಲ್ಲ ಎಂದು ನಿಜಕ್ಕೂ ಸಂಕಟವಾಯಿತು. ಅದೂ ಒಂದು ನಿಮಿಷ ನಿಲ್ಲದ ಸುಳ್ಳು. ಮುದೀರ್ ಇಕಾಮಾ ಕೇಳಿ ಈಸಿಕೊಂಡು ನೋಡಿದರು. ತಿಂಗಳೇ ಬೇರೆ.

"ಇದು ಸರಕಾರದ ತಾರೀಕು, ಸರ್," ಎಂದರು ಪಾಸ್ಟರ್. "ನಮ್ಮ ಕಡೆ ಮನೆಯವರಿಗೆ ತಾರೀಕು ಬೇಡ, ವಾರ ಬೇಕು. ಯಾವ ವಾರ ಹುಟ್ಟಿದನೋ ಆ ವಾರದ ಹೆಸರೇ ಮಗುವಿಗೆ. ಇಲ್ಲೇ ಇದೆ ನೋಡಿ, ಕೋಫಿ. ಶುಕ್ರವಾರ ಹುಟ್ಟಿದವನು ಅಂತ. ಇವತ್ತು ಶುಕ್ರವಾರ. ನಮ್ಮಜ್ಜಿ ಪ್ರತಿ ಶುಕ್ರವಾರ ನನಗೆ ಮೊಟ್ಟೆ ಬೇಯಿಸಿ ಕೊಟ್ಟು ಹರಸುತ್ತಿದ್ದಳು."

ಮುದೀರ್ ಇಕಾಮಾದ ಮೇಲಿನ ಹೆಸರನ್ನು ಇನ್ನೊಮ್ಮೆ ಓದಿದರು. "ನನ್ನ ಅಜ್ಜನ ಹೆಸರು ಜುಮಾ," ಎಂದರು ಆಮೇಲೆ, ಮೆಲ್ಲಗೆ. "ಶುಕ್ರವಾರ ಹುಟ್ಟಿದ್ದಕ್ಕೇ ಇಟ್ಟದ್ದು." ಕುರ್ಚಿ ಎಳೆದು ಕೂತರು. ಪಾಸ್ಟರ್ ಕತ್ತರಿಸಿಕೊಟ್ಟ ಕೇಕು ತಿಂದರು. ಪಕ್ಕದ ಕುರ್ಚಿಯ ಮೇಲೆ ಕಪ್ಪು ರಟ್ಟಿನ ಪುಸ್ತಕಗಳ ಅಟ್ಟಿ ಇತ್ತು. ಅದನ್ನು ಅವರು ನೋಡಿದರು, ಆಮೇಲೆ ಗೋಡೆಯ ಕಡೆಗೆ ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಹುಟ್ಟಿದ ದಿನ ಹೀಗೆ ನರಳುವುದು ಒಳ್ಳೆಯದಲ್ಲ. ಜನ ಹೆದರುತ್ತಾರೆ. ಹಾಡುವುದಾದರೆ ಬಾಯಿ ಬಿಟ್ಟು ಹಾಡಿ."

ಗಾಡಿ ಹೋದ ಮೇಲೆ ನನಗೆ ಸಿಟ್ಟು ನೆತ್ತಿಗೇರಿತು. "ಎಂತ ಪಾಸ್ಟರ್ ನೀವು? ನಾನು ವಾರ ವಾರ ಬ್ಲಾಕು ಬ್ಲಾಕು ತಿರುಗಿ ಹುಟ್ಟಿದವರನ್ನು ಹೆಕ್ಕಿ ತಂದೆ. ಒಂದು ಮಾತು ಮೊದಲೇ ಹೇಳಬಾರದಿತ್ತಾ?"

"ಎಲ್ಲರದ್ದೂ ಕೇಳಿದಿರಿ ಬ್ರದರ್," ಎಂದರು. "ನನ್ನದು ಯಾರೂ ಕೇಳಲಿಲ್ಲ."

ಮರ್ಯಾದೆಗೆ ಹ್ಯಾಪಿ ಬರ್ತ್‌ಡೇ ಎಂದು ಕೈಕುಲುಕಿ ಹೊರಗೆ ಬಂದೆ. ಒಳಗೆ ಸಭೆ ಎದ್ದು ನಿಂತಿತು. ಮುದೀರರ ಅಪ್ಪಣೆಯೇ ಆಗಿದೆ, ಇನ್ನೆಂಥ ಭಯ? ಅಷ್ಟೂ ಬಾಯಿಗಳು ಒಟ್ಟಿಗೆ ತೆರೆದವು, ಎಲ್ಲಕ್ಕಿಂತ ಮೇಲೆ ಪಾಸ್ಟರದ್ದು. ಒಬ್ಬನದ್ದು ಒಂದು ರಾಗ, ಇನ್ನೊಬ್ಬನದ್ದು ಬೇರೆ ರಾಗ, ಪಾಸ್ಟರದ್ದು ಯಾವ ರಾಗವೂ ಅಲ್ಲ. ಇಷ್ಟು ತಿಂಗಳು ಅವರು ತುಟಿ ಮುಚ್ಚಿ ಹಾಡಿದ್ದರಲ್ಲಿ ದೇವರ ದಯೆಯೂ ಸ್ವಲ್ಪ ಇತ್ತು ಎಂದು ನನಗೆ ಆಗ ತಿಳಿಯಿತು. ಹಾಡಿನ ಎರಡನೆಯ ಸಾಲಿಗೆ ನನ್ನ ಫೋನು ಬಡಿದುಕೊಂಡಿತು. ಗೇಟಿನ ಕಾವಲಿನವನು.

"ಬಾಸ್," ಎಂದ ಅವನು ಗಾಬರಿಯಲ್ಲಿ. "ಈಗ ಅಲ್ಲಿ ಯಾರನ್ನು ಕೊಲ್ಲುತ್ತಿದ್ದಾರೆ?"